ಎಂಟು ಹಾಡುಗಳು, ಒಂದಾಗದ ಕಿವಿಗಳು: ಜೀನ್ ಕ್ಲಾರ್ಕ್ ಅವರ 'ನೋ ಅದರ್'

(ಪಾಶ್ಚಾತ್ಯ ಸಂಗೀತದ ಕೇಳುಗರ ಕೂಟವೊಂದರಲ್ಲಿ ಮಾಡಿದ ಉಪನ್ಯಾಸದ ಪರಿಷ್ಕೃತ ಬರಹ ರೂಪ)

ಸಹೃದಯರೇ,

ಇಂದು ನಾನು ಮಾತಾಡಬೇಕೆಂದುಕೊಂಡಿರುವುದು 1974ರ ಸೆಪ್ಟೆಂಬರಿನಲ್ಲಿ ಅಮೆರಿಕದಲ್ಲಿ ಬಿಡುಗಡೆಯಾಗಿ, ಎರಡು ವರ್ಷ ಕಳೆಯುವಷ್ಟರಲ್ಲಿ ಅಂಗಡಿಗಳಿಂದ ಮರೆಯಾದ ಒಂದು ಆಲ್ಬಮಿನ ಕುರಿತು. ಜೀನ್ ಕ್ಲಾರ್ಕ್ ಅವರ 'ನೋ ಅದರ್' ಅದರ ಹೆಸರು. ಇದನ್ನು ಎಪ್ಪತ್ತರ ದಶಕದ ಅಮೆರಿಕನ್ ರಾಕ್ ಸಂಗೀತದ ಶಿಖರಗಳಲ್ಲಿ ಒಂದೆಂದು ಎಣಿಸುವ ಕೇಳುಗರಿದ್ದಾರೆ. ಒಳ್ಳೆಯ ಹಾಡುಗಳ ಮೇಲೆ ಹಣ ಸುರಿದು, ವಾದ್ಯ ಹೇರಿ, ಹಾಡುಗಾರನನ್ನೇ ಕಾಣದಂತೆ ಮಾಡಿದ್ದಕ್ಕೆ ಇದಕ್ಕಿಂತ ದೊಡ್ಡ ನಿದರ್ಶನವಿಲ್ಲ ಎನ್ನುವ ಕೇಳುಗರೂ ಇದ್ದಾರೆ. ಎರಡೂ ಬಣಗಳಲ್ಲಿರುವವರು ತಿಳಿದವರೇ, ಕ್ಲಾರ್ಕ್ ಅವರನ್ನು ಪ್ರೀತಿಸುವವರೇ. ಅಪರಿಚಿತರ ನಡುವಿನ ಭಿನ್ನಾಭಿಪ್ರಾಯಕ್ಕಿಂತ ಒಂದೇ ಗಾಯಕನ ಅಭಿಮಾನಿಗಳ ನಡುವಿನ ಈ ಜಗಳ ಹೆಚ್ಚು ಕುತೂಹಲ ಹುಟ್ಟಿಸುವುದರಿಂದಲೇ ನಾನು ಈ ವಿಷಯವನ್ನು ಆರಿಸಿಕೊಂಡೆ.

ಕ್ಲಾರ್ಕ್ ಹುಟ್ಟಿದ್ದು 1944ರ ನವೆಂಬರಿನಲ್ಲಿ, ಮಿಸೌರಿ ರಾಜ್ಯದ ಟಿಪ್ಟನ್ ಎಂಬ ಸಣ್ಣ ಊರಿನಲ್ಲಿ. 1963ರಲ್ಲಿ ನ್ಯೂ ಕ್ರಿಸ್ಟಿ ಮಿನ್‌ಸ್ಟ್ರೆಲ್ಸ್ ಎಂಬ ಜಾನಪದ ಗಾಯನ ತಂಡ ಅವರನ್ನು ಸೇರಿಸಿಕೊಂಡಿತು. ಬೀಟಲ್ಸ್ ಹಾಡುಗಳು ಕಿವಿಗೆ ಬಿದ್ದದ್ದೇ ತಡ, ಆ ತಂಡವನ್ನು ಬಿಟ್ಟು ಲಾಸ್ ಏಂಜಲೀಸಿಗೆ ಬಂದರು. ಅಲ್ಲಿನ ಟ್ರೂಬಡೂರ್ ಕ್ಲಬ್ಬಿನಲ್ಲಿ ರೋಜರ್ ಮೆಕ್‌ಗ್ವಿನ್ ಅವರ ಪರಿಚಯವಾಯಿತು, ಡೇವಿಡ್ ಕ್ರಾಸ್ಬಿ ಜೊತೆಗೂಡಿದರು, ಮುಂದೆ ಕ್ರಿಸ್ ಹಿಲ್‌ಮನ್ ಮತ್ತು ಮೈಕೆಲ್ ಕ್ಲಾರ್ಕ್ ಸೇರಿ ಅದು 'ದಿ ಬರ್ಡ್ಸ್' ತಂಡವಾಯಿತು. 1965ರಲ್ಲಿ ಬಾಬ್ ಡಿಲನ್ ಅವರ 'ಮಿಸ್ಟರ್ ಟ್ಯಾಂಬೂರಿನ್ ಮ್ಯಾನ್' ಗೀತೆಯನ್ನು ಅವರು ಹಾಡಿದ ಬಗೆ ಅಮೆರಿಕ ಮತ್ತು ಬ್ರಿಟನ್ ಎರಡೂ ಕಡೆ ಜನಪ್ರಿಯ ಹಾಡುಗಳ ಪಟ್ಟಿಯ ಮೊದಲ ಸ್ಥಾನಕ್ಕೇರಿತು. ಆ ಹಾಡಿನ ಮುಂಚೂಣಿಯ ದನಿ ಮೆಕ್‌ಗ್ವಿನ್ ಅವರದು. ಆದರೆ ಆ ಕಾಲದಲ್ಲಿ ತಂಡಕ್ಕಾಗಿ ಅತಿ ಹೆಚ್ಚು ಸ್ವಂತ ಹಾಡುಗಳನ್ನು ಬರೆದವರು ಕ್ಲಾರ್ಕ್. ರಚನೆಕಾರನಿಗೆ ಬರುವ ಗೌರವಧನ ಉಳಿದವರ ಸಂಪಾದನೆಗಿಂತ ಹೆಚ್ಚಾದಾಗ ಒಳಗೊಳಗೆ ಅಸಮಾಧಾನ ಹೊಗೆಯಾಡಿತು. 1966ರ ಆರಂಭದಲ್ಲಿ ನ್ಯೂಯಾರ್ಕಿಗೆ ಹೊರಟಿದ್ದ ವಿಮಾನವನ್ನು ಹತ್ತಿದ ಕ್ಲಾರ್ಕ್ ಹಾರಾಟದ ಭಯದಿಂದ ಇಳಿದುಬಿಟ್ಟರು, ತಂಡವನ್ನೂ ಬಿಟ್ಟರು. 'ಪಕ್ಷಿ'ಗಳೆಂಬ ಹೆಸರಿನ ತಂಡದ ಹಾಡುಗಾರನಿಗೆ ಹಾರುವ ಭಯವಿತ್ತೆಂಬ ಚಮತ್ಕಾರದ ಮಾತನ್ನು ಅವರ ಬಗ್ಗೆ ಬರೆದವರೆಲ್ಲ ಆಡಿದ್ದಾರೆ. ನಾವು ಅದನ್ನು ದಾಟಿ ಮುಂದೆ ಹೋಗೋಣ.

ಆ ನಂತರದ ಏಳೆಂಟು ವರ್ಷಗಳಲ್ಲಿ ಅವರು ಮಾಡಿದ ಕೆಲಸವೇ 'ನೋ ಅದರ್' ಕೇಳುಗರ ನಿರೀಕ್ಷೆಯನ್ನು ರೂಪಿಸಿತು. 1967ರಲ್ಲಿ ಗಾಸ್ಡಿನ್ ಸಹೋದರರೊಂದಿಗೆ ಒಂದು ಆಲ್ಬಂ ಬಂತು. 1968ರಲ್ಲಿ ಬ್ಯಾಂಜೊ ವಾದಕ ಡಗ್ ಡಿಲರ್ಡ್ ಜೊತೆಗೂಡಿ ಅಮೆರಿಕದ ಹಳ್ಳಿಗಾಡಿನ ಕಂಟ್ರಿ ಸಂಗೀತವನ್ನು ರಾಕ್ ಸಂಗೀತದೊಡನೆ ಬೆಸೆದ ಮೊದಲಿಗರಲ್ಲಿ ಒಬ್ಬರಾದರು. 1971ರ 'ವೈಟ್ ಲೈಟ್' ಅವರ ದಾರಿಯನ್ನು ಸ್ಪಷ್ಟಗೊಳಿಸಿದಂತೆ ಕಂಡಿತು. ಒಂದು ಅಕೌಸ್ಟಿಕ್ ಗಿಟಾರ್, ಮೌತ್ ಆರ್ಗನ್, ಕೆಲವೇ ವಾದಕರು, ಎದೆಯಾಳದಿಂದ ಬರುವ ತುಸು ನಡುಗುವ ದನಿ, ಇಷ್ಟೇ ಅದರ ಬಂಡವಾಳ. ಅದು ಅಮೆರಿಕದಲ್ಲಿ ಮಾರಾಟವಾಗಲಿಲ್ಲ, ಆದರೆ ನೆದರ್ಲೆಂಡ್ಸಿನ ವಿಮರ್ಶಕರು ಅದನ್ನು ಬಹಳ ಮೆಚ್ಚಿದರು. ಮುಂದಿನ 'ರೋಡ್‌ಮಾಸ್ಟರ್' 1973ರಲ್ಲಿ ಆ ಒಂದು ದೇಶದಲ್ಲಿ ಮಾತ್ರ ಬಿಡುಗಡೆಯಾಯಿತು. ಹೀಗೆ ಕ್ಲಾರ್ಕ್ ಎಂದರೆ ಸರಳತೆ, ಕ್ಲಾರ್ಕ್ ಎಂದರೆ ಒಂಟಿ ಮನುಷ್ಯನ ಗಿಟಾರ್ ಎಂಬ ಚಿತ್ರ ಸಣ್ಣದಾದರೂ ನಿಷ್ಠಾವಂತವಾದ ಒಂದು ಶ್ರೋತೃವರ್ಗದ ಮನಸ್ಸಿನಲ್ಲಿ ಗಟ್ಟಿಯಾಯಿತು. 'ವೈಟ್ ಲೈಟ್' ಆಲ್ಬಮಿನ ನಿರ್ಮಾಪಕ ಮತ್ತು ಗಿಟಾರ್ ವಾದಕರಾದ ಜೆಸ್ಸಿ ಎಡ್ ಡೇವಿಸ್ ಮೂರು ವರ್ಷಗಳ ನಂತರದ 'ನೋ ಅದರ್' ಆಲ್ಬಮಿನಲ್ಲೂ ನುಡಿಸಿದ್ದಾರೆ ಎಂಬುದನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಎರಡೂ ಆಲ್ಬಂಗಳನ್ನು ಎರಡು ಬೇರೆ ಲೋಕಗಳೆಂದು ಬಗೆಯುವವರು ಈ ಕೊಂಡಿಯನ್ನು ಮರೆಯುತ್ತಾರೆ.

1973ರಲ್ಲಿ ಬರ್ಡ್ಸ್ ತಂಡದ ಮೂಲ ಐವರೂ ಮತ್ತೆ ಕೂಡಿ, ಡೇವಿಡ್ ಗೆಫೆನ್ ಅವರ ಅಸೈಲಂ ಎಂಬ ಧ್ವನಿಮುದ್ರಣ ಕಂಪನಿಗಾಗಿ ಒಂದು ಆಲ್ಬಂ ಮಾಡಿದರು. ಅದು ನಿರಾಸೆ ಮೂಡಿಸಿದರೂ ಅದರಲ್ಲಿದ್ದ ಕ್ಲಾರ್ಕ್ ಹಾಡುಗಳಿಗೆ ಒಳ್ಳೆಯ ಮಾತು ಸಂದಿತು. ಅವರಿಗೆ ಅಸೈಲಂ ಒಪ್ಪಂದ ದೊರಕಿದ್ದು ಆ ಬಲದಿಂದ. ಆ ಹೊತ್ತಿನಲ್ಲಿ ಅಸೈಲಂ ಎಂದರೆ ಜೋನಿ ಮಿಚೆಲ್, ಜ್ಯಾಕ್ಸನ್ ಬ್ರೌನ್, ಈಗಲ್ಸ್. 1974ರಲ್ಲಿ ಸ್ವತಃ ಡಿಲನ್ ಅದೇ ಕಂಪನಿಗೆ ಬಂದು ಎರಡು ಆಲ್ಬಂ ಹೊರತಂದರು. ಈಗಲ್ಸ್ ತಂಡದ ಮೊದಲ ಆಲ್ಬಮಿನಲ್ಲಿ ಕ್ಲಾರ್ಕ್ ಮತ್ತು ಬರ್ನಿ ಲೆಡನ್ ಕೂಡಿ ಬರೆದ ಹಾಡೊಂದು ಆಗಲೇ ಇತ್ತು. ಅಂದರೆ ಕ್ಯಾಲಿಫೋರ್ನಿಯಾದ ಆ ಮೃದುವಾದ, ಹದವಾಗಿ ನೀವಿದ ರಾಕ್ ಸಂಗೀತಕ್ಕೆ ಅಡಿಪಾಯ ಹಾಕಿದವರಲ್ಲಿ ಒಬ್ಬರು ಅದೇ ಕಂಪನಿಯ ಬಾಗಿಲು ಹೊಕ್ಕಾಗ, ಅವರಿಂದ ಏನು ಬರುತ್ತದೆ ಎಂಬುದನ್ನು ಕಂಪನಿ ಊಹಿಸಿಕೊಂಡೇ ಇತ್ತು.

ಬಂದದ್ದು ಬೇರೆ. ಕ್ಲಾರ್ಕ್ ಆಗ ಉತ್ತರ ಕ್ಯಾಲಿಫೋರ್ನಿಯಾದ ಮೆಂಡೊಸಿನೊ ಕರಾವಳಿಯಲ್ಲಿದ್ದರು. ಪೆಸಿಫಿಕ್ ಸಾಗರ ಕಾಣುವ ದೊಡ್ಡ ಕಿಟಕಿಯ ಮುಂದೆ ಗಂಟೆಗಟ್ಟಲೆ ಸುಮ್ಮನೆ ಕೂತು ಆಮೇಲೆ ಬರೆಯುತ್ತಿದ್ದೆ ಎಂಬರ್ಥದಲ್ಲಿ ಅವರೇ ಮುಂದೆ ಹೇಳಿಕೊಂಡಿದ್ದಾರೆ. ಆ ದಿನಗಳಲ್ಲಿ ಅವರು ಕೇಳುತ್ತಿದ್ದ ಆಲ್ಬಂಗಳು ಸ್ಟೀವಿ ವಂಡರ್ ಅವರ 'ಇನ್ನರ್‌ವಿಷನ್ಸ್' ಮತ್ತು ರೋಲಿಂಗ್ ಸ್ಟೋನ್ಸ್ ತಂಡದ 'ಗೋಟ್ಸ್ ಹೆಡ್ ಸೂಪ್'. ಇದು ಮುಖ್ಯವಾದ ಮಾತು. ಸಮುದ್ರ ನೋಡುತ್ತ ಕೂತ ಜಾನಪದ ಶೈಲಿಯ ಕವಿಯ ಚಿತ್ರವೊಂದನ್ನೇ ಹಿಡಿದುಕೊಂಡರೆ ಈ ಆಲ್ಬಮಿನಲ್ಲಿ ಕ್ಲಾವಿನೆಟ್ ಎಂಬ ವಿದ್ಯುತ್ ಕೀಬೋರ್ಡ್, ಕರಿಯರ ಚರ್ಚುಗಳ ಗಾಸ್ಪೆಲ್ ಗಾಯನದ ಪಡಿನೆಳಲು, ಒರಟಾಗಿ ಗುರುಗುಟ್ಟುವ ಬಾಸ್ ಎಲ್ಲಿಂದ ಬಂದವು ಎಂಬುದು ತಿಳಿಯುವುದಿಲ್ಲ. ಇವು ನಿರ್ಮಾಪಕ ಹೊರಗಿನಿಂದ ತಂದು ಹೇರಿದ್ದೆಂಬ ಆರೋಪಕ್ಕೆ ಆಗ ಎಡೆಯಾಗುತ್ತದೆ. ಆ ದನಿಗಳು ಹಾಡು ಬರೆಯುವಾಗಲೇ ಕ್ಲಾರ್ಕ್ ಅವರ ಕಿವಿಯಲ್ಲಿದ್ದವು.

ಧ್ವನಿಮುದ್ರಣ ನಡೆದದ್ದು 1974ರಲ್ಲಿ, ಲಾಸ್ ಏಂಜಲೀಸಿನ ವಿಲೇಜ್ ರೆಕಾರ್ಡರ್ ಸ್ಟುಡಿಯೋದಲ್ಲಿ. ನಿರ್ಮಾಪಕರು ಥಾಮಸ್ ಜೆಫರ್ಸನ್ ಕೇ. ಬಾಸ್ ಗಿಟಾರಿಗೆ ಲೀ ಸ್ಕ್ಲಾರ್, ಡ್ರಮ್ಸಿಗೆ ರಸ್ ಕಂಕೆಲ್ ಮತ್ತು ಆಲ್ಮನ್ ಬ್ರದರ್ಸ್ ತಂಡದ ಬುಚ್ ಟ್ರಕ್ಸ್, ಗಿಟಾರಿಗೆ ಡ್ಯಾನಿ ಕೊರ್ಚ್‌ಮಾರ್, ಕೀಬೋರ್ಡಿಗೆ ಕ್ರೇಗ್ ಡೋರ್ಗಿ ಮತ್ತು ಮೈಕೆಲ್ ಅಟ್ಲಿ, ಮ್ಯಾಂಡೊಲಿನ್‌ಗೆ ಹಳೆಯ ಗೆಳೆಯ ಕ್ರಿಸ್ ಹಿಲ್‌ಮನ್, ಪಿಟೀಲಿಗೆ ರಿಚರ್ಡ್ ಗ್ರೀನ್, ಹಿನ್ನೆಲೆಗೆ ಕ್ಲೈಡಿ ಕಿಂಗ್, ವೆನೆಟಾ ಫೀಲ್ಡ್ಸ್ ಮೊದಲಾದ ಗಾಯಕಿಯರು: ಆ ನಗರದಲ್ಲಿ ದುಡ್ಡು ಕೊಟ್ಟರೆ ಸಿಗುತ್ತಿದ್ದ ಅತ್ಯುತ್ತಮರೆಲ್ಲ ಇದ್ದರು. ವೆಚ್ಚ ಒಂದು ಲಕ್ಷ ಡಾಲರು ದಾಟಿತೆಂದು ಹೇಳುತ್ತಾರೆ. ಆ ಕಾಲಕ್ಕೆ ಅದು ದೊಡ್ಡ ಮೊತ್ತ. ಅಷ್ಟು ಖರ್ಚಿನ ನಂತರ ಸಿಕ್ಕಿದ್ದು ಎಂಟೇ ಹಾಡು ಎಂದು ಸಿಟ್ಟಾದ ಗೆಫೆನ್ ಮಾದರಿ ಪ್ರತಿಯನ್ನು ಕಸದ ಬುಟ್ಟಿಗೆ ಎಸೆದರೆಂಬ ಕಥೆಯನ್ನು ಕ್ಲಾರ್ಕ್ ಅಭಿಮಾನಿಗಳು ಬಾಯಿಂದ ಬಾಯಿಗೆ ದಾಟಿಸುತ್ತ ಬಂದಿದ್ದಾರೆ. ಕಥೆ ಹೇಗೇ ಇರಲಿ, ಲೆಕ್ಕ ಮಾತ್ರ ಕಂಪನಿಯ ದೂರಿಗೆ ಒದಗುವುದಿಲ್ಲ: ಎಂಟು ಹಾಡುಗಳ ಒಟ್ಟು ಅವಧಿ ಸುಮಾರು 43 ನಿಮಿಷ, ಒಂದು ಎಲ್‌ಪಿಗೆ ಧಾರಾಳವಾಯಿತು. ಕೊರತೆಯಿದ್ದದ್ದು ರೇಡಿಯೋಗೆ ಒಗ್ಗುವ ಮೂರು ನಿಮಿಷದ ಹಾಡುಗಳದ್ದು. 'ಸಮ್ ಮಿಸ್‌ಅಂಡರ್‌ಸ್ಟ್ಯಾಂಡಿಂಗ್' ಒಂದೇ ಎಂಟು ನಿಮಿಷ ಮೀರುತ್ತದೆ.

ಕಂಪನಿ ಪ್ರಚಾರ ಮಾಡದೆ ಕೈಬಿಟ್ಟಿತು. ಅಮೆರಿಕದ ಬಿಲ್‌ಬೋರ್ಡ್ ಪತ್ರಿಕೆಯ ಜನಪ್ರಿಯ ಆಲ್ಬಂಗಳ ಪಟ್ಟಿಯಲ್ಲಿ ಇದು 144ನೇ ಸ್ಥಾನಕ್ಕಿಂತ ಮೇಲೇರಲಿಲ್ಲ. 1976ರ ಹೊತ್ತಿಗೆ ಮುದ್ರಣವೇ ನಿಂತಿತು. ಇಷ್ಟಾದರೂ ಸೋಲನ್ನು ಪೂರ್ತಿಯಾಗಿ ಕಂಪನಿಯ ತಲೆಗೆ ಕಟ್ಟುವುದು ನನಗೆ ಸರಿಕಾಣುವುದಿಲ್ಲ, ಏಕೆಂದರೆ ಕೇಳಿದ ಕೆಲವರೂ ಒಪ್ಪಲಿಲ್ಲ. ಬರ್ಡ್ಸ್ ತಂಡದ ಹಳೆಯ ಅಭಿಮಾನಿಗೆ ಬೇಕಾದದ್ದು ಹನ್ನೆರಡು ತಂತಿಯ ಗಿಟಾರಿನ ಕಿಣಿಕಿಣಿ ಮತ್ತು ಮೂರು ನಿಮಿಷದ ವಿರಹ. 'ವೈಟ್ ಲೈಟ್' ಪ್ರಿಯನಿಗೆ ಬೇಕಾದದ್ದು ಮೌತ್ ಆರ್ಗನ್ ಮತ್ತು ಮೌನ. ಇಬ್ಬರಿಗೂ ಇಲ್ಲಿ ಸಿಕ್ಕಿದ್ದು ಸಾಲು ಹಿನ್ನೆಲೆ ಗಾಯಕರು ಮತ್ತು ವಿಧಿ, ಕಾಲ, ಭ್ರಮೆ, ಮುಕ್ತಿಗಳ ಬಗ್ಗೆ ಒಗಟಿನಂತಹ ಸಾಲುಗಳು. ಹೊದಿಕೆ ಇನ್ನಷ್ಟು ಗೊಂದಲ ಹುಟ್ಟಿಸಿತು. ಜಾನ್ ವ್ಯಾನ್ ಹ್ಯಾಮರ್ಸ್‌ವೆಲ್ಡ್ ವಿನ್ಯಾಸಗೊಳಿಸಿದ ಮುಂಭಾಗದಲ್ಲಿ 1920ರ ದಶಕದ ಹಾಲಿವುಡ್ ವೈಭವವನ್ನು ನೆನಪಿಸುವ ಚಿತ್ರಗಳ ಜೋಡಣೆ. ಹಿಂಭಾಗದಲ್ಲಿ ಗುಂಗುರುಗೂದಲು ಮಾಡಿಸಿಕೊಂಡು, ಮುಖಕ್ಕೆ ಬಣ್ಣ ಹಚ್ಚಿಕೊಂಡು, ಸಡಿಲ ವೇಷದಲ್ಲಿ ನಿಂತ ಕ್ಲಾರ್ಕ್. ಡೆನಿಮ್ ಅಂಗಿಯ ಕಂಟ್ರಿ ಗಾಯಕನನ್ನು ಕಾಣಲು ಬಂದವನಿಗೆ ಇದು ಬಣ್ಣ, ಥಳುಕಿನ ವೇಷಗಳಿಗೆ ಹೆಸರಾದ ಬ್ರಿಟನ್ನಿನ ಗ್ಲಾಮ್ ರಾಕ್ ಗಾಯಕನೊಬ್ಬನ ಆಲ್ಬಂ ಎನಿಸಿದರೆ ಆಶ್ಚರ್ಯವೇನಿಲ್ಲ. ಒಳಗಿನ ಸಂಗೀತ ಗ್ಲಾಮ್ ಕೂಡ ಅಲ್ಲ. ಹೊದಿಕೆ ನೋಡಿ ಕೊಂಡವನಿಗೂ ನಿರಾಸೆ, ಹೊದಿಕೆ ನೋಡಿ ಬಿಟ್ಟವನಿಗೆ ನಷ್ಟ.

ಈಗ ಜಗಳದ ತಿರುಳಿಗೆ ಬರುತ್ತೇನೆ. ಈ ಆಲ್ಬಮನ್ನು ಒಪ್ಪದವರ ದೂರು ಒಂದೇ ಶಬ್ದದಲ್ಲಿ ಹೇಳುವುದಾದರೆ ಅಲಂಕಾರದ ಅತಿರೇಕ. ನಮ್ಮ ಕಾವ್ಯಮೀಮಾಂಸೆಗೆ ಇದು ಹೊಸ ದೂರಲ್ಲ. ಅಲಂಕಾರ ತಾನಾಗಿಯೇ ಗುಣವೂ ಅಲ್ಲ, ದೋಷವೂ ಅಲ್ಲ, ಅದು ತನ್ನ ಜಾಗದಲ್ಲಿದೆಯೇ ಎಂಬುದೇ ಪ್ರಶ್ನೆ ಎಂದು ಕ್ಷೇಮೇಂದ್ರ ಹನ್ನೊಂದನೆಯ ಶತಮಾನದಲ್ಲಿ ಔಚಿತ್ಯದ ವಿಚಾರ ಎತ್ತಿದಾಗ ಹೇಳಿದ್ದ. ಹಾಗಾಗಿ 'ನೋ ಅದರ್' ಆಲ್ಬಮಿನ ವಾದ್ಯಗಳು ಹೆಚ್ಚೋ ಕಡಿಮೆಯೋ ಎಂದು ಕೇಳುವುದಕ್ಕಿಂತ, ಯಾವ ಹಾಡಿನಲ್ಲಿ ಅವು ಹಾಡಿನ ಕೆಲಸ ಮಾಡುತ್ತಿವೆ, ಯಾವುದರಲ್ಲಿ ಸುಮ್ಮನೆ ನಿಂತಿವೆ ಎಂದು ಒಂದೊಂದಾಗಿ ನೋಡುವುದು ಲೇಸು. ಇಡೀ ಆಲ್ಬಮನ್ನು ಒಟ್ಟಾಗಿ ಹೊಗಳುವವರೂ ಒಟ್ಟಾಗಿ ತೆಗಳುವವರೂ ಮಾಡದಿರುವ ಕೆಲಸ ಅದೇ.

'ಸ್ಟ್ರೆಂಗ್ತ್ ಆಫ್ ಸ್ಟ್ರಿಂಗ್ಸ್' ಹಾಡನ್ನು ತೆಗೆದುಕೊಳ್ಳಿ. ಸಂಗೀತ ಮನುಷ್ಯನ ಒಳಗೆ ಹೊಕ್ಕು ಏನು ಮಾಡುತ್ತದೆ ಎಂಬುದೇ ಅದರ ವಸ್ತು. ಹಾಡು ಶುರುವಾದ ಮೇಲೆ ಬಹಳ ಹೊತ್ತು ಮಾತಿಲ್ಲ. ಭಾರವಾದ ಹೆಜ್ಜೆಯ ತಾಳದ ಮೇಲೆ ಸಮೂಹದ ಕಂಠಗಳು ಬರಿಯ ಸ್ವರದಲ್ಲಿ ಏರುತ್ತವೆ, ಇಳಿಯುತ್ತವೆ, ಗಿಟಾರ್ ಅವನ್ನು ಬಳಸಿಕೊಂಡು ಸಾಗುತ್ತದೆ. ಕ್ಲಾರ್ಕ್ ಬಾಯಿ ತೆರೆಯುವ ಹೊತ್ತಿಗೆ, ಸಂಗೀತದ ಬಲವೇನೆಂಬುದನ್ನು ಹೇಳಿ ತಿಳಿಸಬೇಕಾದ ಅಗತ್ಯವೇ ಉಳಿದಿರುವುದಿಲ್ಲ. ಅದು ಆಗಲೇ ಕೇಳುಗನಿಗೆ ಆಗಿಹೋಗಿರುತ್ತದೆ. ಈ ಪೀಠಿಕೆಯನ್ನು ಕತ್ತರಿಸಿ, ಒಂದು ಗಿಟಾರಿನೊಂದಿಗೆ ನೇರವಾಗಿ ಸಾಹಿತ್ಯಕ್ಕೆ ಬಂದರೆ ಹಾಡಿನ ವಾದವೇ ಬಿದ್ದುಹೋಗುತ್ತದೆ. ಕೊನೆಯ ಹಾಡಾದ 'ಲೇಡಿ ಆಫ್ ದ ನಾರ್ತ್' ಕೂಡ ಹಾಗೆಯೇ: ಡಗ್ ಡಿಲರ್ಡ್ ಜೊತೆ ಬರೆದ ಆ ಪ್ರೇಮಗೀತೆಯಲ್ಲಿ ರಿಚರ್ಡ್ ಗ್ರೀನ್ ಅವರ ಪಿಟೀಲು ದನಿಯನ್ನು ಅಲೆಯಲೆಯಾಗಿ ಮಾರ್ಪಡಿಸುವ ವಾ-ವಾ ಪೆಡಲಿನ ಮೂಲಕ ಹಾದು ಬಂದು, ಹಳ್ಳಿಯ ಕುಣಿತದ ವಾದ್ಯವೊಂದು ನೆನಪಿನ ಮಂಜಿನಾಚೆಯಿಂದ ಕರೆಯುವಂತೆ ಕೇಳಿಸುತ್ತದೆ. ಕಳೆದುಹೋದ ಊರನ್ನೂ ಹೆಣ್ಣನ್ನೂ ಒಟ್ಟಿಗೆ ನೆನೆಯುವ ಹಾಡಿಗೆ ಅದಕ್ಕಿಂತ ಸಲ್ಲುವ ದನಿ ನನಗೆ ತೋಚುವುದಿಲ್ಲ.

ಇನ್ನು 'ಲೈಫ್ಸ್ ಗ್ರೇಟೆಸ್ಟ್ ಫೂಲ್'. ಆಲ್ಬಂ ಶುರುವಾಗುವುದೇ ಇದರಿಂದ. ಹಗುರ ಲಯದ ಕಂಟ್ರಿ ಹಾಡು. ಅದರ ಮೇಲೆ ಗಾಸ್ಪೆಲ್ ಸಮೂಹ ಬಂದು ಕೂತಾಗ ಹಾಡಿಗೂ ಸಮೂಹಕ್ಕೂ ಪರಿಚಯವೇ ಇಲ್ಲದಂತಿದೆ. ಬಾಳಿನ ದೊಡ್ಡ ಮೂರ್ಖನ ಬಗೆಗಿನ ಕಹಿ ಸಾಲುಗಳಿಗೆ ಈ ಉತ್ಸಾಹ ಸಲ್ಲುವುದಿಲ್ಲ. 'ದ ಟ್ರೂ ಒನ್' ಕುರಿತು ಇಷ್ಟು ಕೂಡ ಹೇಳಬೇಕಿಲ್ಲ, ಅದು ಇಂಪಾದ ಸಾಧಾರಣ ಹಾಡು. ಆದ್ದರಿಂದ ವಿರೋಧಿಗಳ ಮಾತಿನಲ್ಲಿ ಹುರುಳಿಲ್ಲವೆಂದು ನಾನು ಹೇಳಲಾರೆ. ಅವರ ದೂರು ಎರಡು ಹಾಡುಗಳಿಗೆ ಸಲ್ಲುತ್ತದೆ, ಅದನ್ನು ಎಂಟಕ್ಕೂ ಹಂಚುತ್ತಾರೆ ಎಂಬುದಷ್ಟೇ ನನ್ನ ತಕರಾರು.

ಈ ಆಲ್ಬಮಿಗೆ ಎರಡನೆಯ ಕೇಳುಗರು ಸಿಕ್ಕಿದ್ದು ಯಾರೂ ಎಣಿಸದ ಕಡೆಯಿಂದ. 1986ರಲ್ಲಿ ಬ್ರಿಟನ್ನಿನ 4ಎಡಿ ಕಂಪನಿಯ ಐವೊ ವಾಟ್ಸ್-ರಸೆಲ್ ನಡೆಸುತ್ತಿದ್ದ 'ದಿಸ್ ಮಾರ್ಟಲ್ ಕಾಯಿಲ್' ಎಂಬ ಕೂಟ ತನ್ನ 'ಫಿಲಿಗ್ರಿ ಅಂಡ್ ಶ್ಯಾಡೊ' ಆಲ್ಬಮಿನಲ್ಲಿ 'ಸ್ಟ್ರೆಂಗ್ತ್ ಆಫ್ ಸ್ಟ್ರಿಂಗ್ಸ್' ಹಾಡನ್ನು ಮತ್ತೆ ಹಾಡಿಸಿತು. ಪಂಕ್ ಸಂಗೀತದ ನಂತರ ಬೆಳೆದ, ಕ್ಯಾಲಿಫೋರ್ನಿಯಾದ ಕಂಟ್ರಿ ರಾಕ್ ಎಂದರೆ ಮೂಗು ಮುರಿಯುತ್ತಿದ್ದ ಪೀಳಿಗೆಗೆ ಕ್ಲಾರ್ಕ್ ಸಿಕ್ಕಿದ್ದು ಹೀಗೆ, ಕತ್ತಲೆ ಕವಿದ ಪ್ರತಿಧ್ವನಿಗಳ ನಡುವೆ. ಅವರ ಕಿವಿಗೆ ಬರ್ಡ್ಸ್ ತಂಡದ ನೆನಪಿನ ಹೊರೆಯಿರಲಿಲ್ಲ, 'ವೈಟ್ ಲೈಟ್' ಜೊತೆಗಿನ ಹೋಲಿಕೆಯಿರಲಿಲ್ಲ. 1974ರಲ್ಲಿ ಆಡಂಬರವೆನಿಸಿದ ನಿಧಾನ ಮತ್ತು ವಿಸ್ತಾರ ಅವರಿಗೆ ಸಹಜವಾದ ಮಾತಾಗಿತ್ತು. ಆಲ್ಬಂ ಬದಲಾಗಿರಲಿಲ್ಲ, ಎಷ್ಟು ಪದರಗಳಿದ್ದರೆ ಅತಿಯೆನಿಸುತ್ತದೆ ಎಂಬ ಅಳತೆ ಬದಲಾಗಿತ್ತು.

ಕ್ಲಾರ್ಕ್ ಇದರ ಫಲವನ್ನು ಕಾಣಲಿಲ್ಲ. 1991ರ ಜನವರಿಯಲ್ಲಿ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್ ಬರ್ಡ್ಸ್ ತಂಡವನ್ನು ಗೌರವಿಸಿತು. ಅದೇ ವರ್ಷದ ಮೇ 24ರಂದು, 46ನೆಯ ವಯಸ್ಸಿನಲ್ಲಿ, ಕುಡಿತದಿಂದ ಜರ್ಜರಿತವಾದ ದೇಹವನ್ನು ಬಿಟ್ಟು ಅವರು ಹೊರಟುಹೋದರು. 'ನೋ ಅದರ್' ತಮ್ಮ ಶ್ರೇಷ್ಠ ಕೃತಿಯೆಂದೂ ಅದಕ್ಕೆ ಅನ್ಯಾಯವಾಯಿತೆಂದೂ ಅವರಿಗೆ ಕಡೆಯವರೆಗೂ ನೋವಿತ್ತು. 2003ರಲ್ಲಿ ಹೆಚ್ಚುವರಿ ಟೇಕ್‌ಗಳೊಂದಿಗೆ (ಅಂದರೆ ಅದೇ ಹಾಡುಗಳ ಬೇರೆ ಮುದ್ರಣಗಳೊಂದಿಗೆ) ಸಿಡಿ ಬಂತು. 2014ರ ಜನವರಿಯಲ್ಲಿ ಬಾಲ್ಟಿಮೋರಿನ 'ಬೀಚ್ ಹೌಸ್' ಜೋಡಿ, ಫ್ಲೀಟ್ ಫಾಕ್ಸಸ್ ತಂಡದ ರಾಬಿನ್ ಪೆಕ್ನೋಲ್ಡ್, ಗ್ರಿಜ್ಲಿ ಬೇರ್ ತಂಡದ ಡೇನಿಯಲ್ ರಾಸನ್, ಇಂಗ್ಲೆಂಡಿನ ಹಿರಿಯ ಗಾಯಕ ಇಯಾನ್ ಮ್ಯಾಥ್ಯೂಸ್ ಮೊದಲಾದವರನ್ನು ಕಟ್ಟಿಕೊಂಡು, ಅಮೆರಿಕದ ಪೂರ್ವ ಕರಾವಳಿಯ ನಗರಗಳಲ್ಲಿ ಇಡೀ ಆಲ್ಬಮನ್ನು ಸಮೂಹಗಾಯನದ ಸಮೇತ, ಮೂಲದ ವಿನ್ಯಾಸಕ್ಕೆ ನಿಷ್ಠವಾಗಿ ವೇದಿಕೆಯ ಮೇಲೆ ಕಟ್ಟಿಕೊಟ್ಟಿತು. ಮತ್ತೊಂದು ತಲೆಮಾರಿನ ಸಂಗೀತಗಾರರು ಹಾಡುಗಳನ್ನು ಸರಳಗೊಳಿಸಿ ಹಾಡಲು ಹೋಗದೆ, ಯಾವುದನ್ನು ಅತಿರೇಕವೆಂದು ದೂರಲಾಗಿತ್ತೋ ಅದನ್ನೇ ಒಂದೂ ಬಿಡದೆ ಮರಳಿ ಕಟ್ಟಿದ್ದು ಈ ಚರ್ಚೆಯಲ್ಲಿ ಒಂದು ತೀರ್ಪಿನಂತೆಯೇ ಇದೆ.

ಹಾಗೆಂದು ಇಂದಿನ ಮೆಚ್ಚುಗೆಯೆಲ್ಲ ಶುದ್ಧವಾದ ಕೇಳ್ಮೆಯಿಂದ ಬಂದದ್ದೆಂದು ನಾನು ನಂಬುವುದಿಲ್ಲ. ಕಸದ ಬುಟ್ಟಿಯ ಕಥೆ, ಖರ್ಚಿನ ಕಥೆ, ಅಕಾಲ ಮರಣದ ಕಥೆ, ಇವನ್ನೆಲ್ಲ ಮೊದಲು ಓದಿಕೊಂಡು ಆಮೇಲೆ ಹಾಡು ಕೇಳುವವರು ಈಗ ಹೆಚ್ಚು. 1974ರ ಕೇಳುಗ ಬರ್ಡ್ಸ್ ತಂಡವನ್ನು ಕಿವಿಯಲ್ಲಿಟ್ಟುಕೊಂಡು ಬಂದು ಎಡವಿದಂತೆ, ಇಂದಿನವನು ದಂತಕಥೆಯನ್ನು ಕಿವಿಯಲ್ಲಿಟ್ಟುಕೊಂಡು ಬಂದು ಪ್ರತಿ ಹಾಡಿನಲ್ಲೂ ನೊಂದ ಪ್ರತಿಭೆಯ ನರಳಾಟವನ್ನೇ ಕೇಳುತ್ತಾನೆ. ಶೀರ್ಷಿಕೆ ಗೀತೆಯಾದ 'ನೋ ಅದರ್' ಒಂದು ಗತ್ತಿನ, ಮೈ ಕುಣಿಸುವ, ಫಂಕ್ ಲಯದ ಹಾಡು; ಅದರಲ್ಲೂ ದುರಂತವನ್ನು ಹುಡುಕುವವರನ್ನು ಕಂಡಾಗ ನನಗೆ ನಗು ಬರುತ್ತದೆ. 'ಫ್ರಮ್ ಎ ಸಿಲ್ವರ್ ಫಯಲ್' ಹಾಡಿನ ಬೆಳ್ಳಿಯ ಸೀಸೆ ಕೊಕೇನಿನದೇ ಎಂದು ಪಟ್ಟು ಹಿಡಿಯುವವರದೂ ಇದೇ ಪಾಡು. ಆ ಕಾಲದ ಲಾಸ್ ಏಂಜಲೀಸನ್ನು ನೆನೆದರೆ ಊಹೆ ಸುಳ್ಳೆನ್ನಲಾಗದು, ಆದರೆ ಹಾಡು ಅಷ್ಟಕ್ಕೇ ಮುಗಿಯುವುದೂ ಇಲ್ಲ.

ಈ ವಿವಾದಕ್ಕೆ ನಿಜವಾದ ಸಾಕ್ಷ್ಯ ಒದಗಿದ್ದು 2019ರಲ್ಲಿ. ಅದೇ 4ಎಡಿ ಕಂಪನಿ ಮೂಲ ಟೇಪುಗಳನ್ನು ಲಂಡನ್ನಿನ ಆಬಿ ರೋಡ್ ಸ್ಟುಡಿಯೋದಲ್ಲಿ ರೀಮಾಸ್ಟರ್ ಮಾಡಿಸಿ, ಆಯ್ಕೆಯಾಗದೆ ಉಳಿದಿದ್ದ ಟೇಕ್‌ಗಳನ್ನು ಸಿಡ್ ಗ್ರಿಫಿನ್ ಮತ್ತು ಜಾನ್ ವುಡ್ ಅವರಿಂದ ಮಿಕ್ಸ್ ಮಾಡಿಸಿ ಹೊರತಂದಿತು. ಮೇಲಿನ ಪದರಗಳು ಕಡಿಮೆಯಿರುವ, ವಾದಕರು ಒಂದೇ ಕೋಣೆಯಲ್ಲಿ ಕೂತು ನುಡಿಸಿದ ಹಾಡುಗಳು ಅಲ್ಲಿ ಕೇಳಸಿಗುತ್ತವೆ. ನಿರ್ಮಾಪಕ ಹಾಳುಮಾಡಿದ ಹಾಡುಗಳ ಮೂಲರೂಪ ಕಡೆಗೂ ಸಿಕ್ಕಿತೆಂದು ಸರಳತೆಯ ಪಕ್ಷದವರು ಸಂಭ್ರಮಿಸಿದರು. ಆ ಟೇಕ್‌ಗಳು ಸುಂದರವಾಗಿವೆ, ಕ್ಲಾರ್ಕ್ ದನಿ ಹತ್ತಿರಕ್ಕೆ ಬರುತ್ತದೆ ಎಂಬುದನ್ನು ನಾನೂ ಒಪ್ಪುತ್ತೇನೆ. ಆದರೆ ಗಮನವಿಟ್ಟು ಕೇಳಿದರೆ ಇನ್ನೊಂದು ಸಂಗತಿ ತಿಳಿಯುತ್ತದೆ: ಹಾಡುಗಳ ಉದ್ದ, ನಿಧಾನಗತಿ, ಸಾಲುಗಳ ನಡುವಿನ ದೊಡ್ಡ ತೆರಪುಗಳು, ಇವೆಲ್ಲ ಪದರಗಳು ಸೇರುವ ಮುಂಚೆಯೇ ಇದ್ದವು. ಆ ತೆರಪುಗಳು ಏನನ್ನೋ ಕಾಯುತ್ತಿರುವಂತಿವೆ. 'ಸಮ್ ಮಿಸ್‌ಅಂಡರ್‌ಸ್ಟ್ಯಾಂಡಿಂಗ್' ಹಾಡಿನಲ್ಲಿ ಕ್ಲಾರ್ಕ್ ಒಂದು ಸಾಲನ್ನು ಹಾಡಿ ಬಿಟ್ಟಾಗ ಉಳಿಯುವ ಜಾಗ, ಪೂರ್ಣಗೊಂಡ ರೂಪದಲ್ಲಿ ಸಮೂಹದ ದನಿ ಬಂದು ತುಂಬುವಷ್ಟೇ ಅಳತೆಯದು. ಬದುಕುವ ಬಗೆಯನ್ನೇ ತಪ್ಪಾಗಿ ತಿಳಿದೆವೇನೋ ಎಂದು ಒಬ್ಬ ಕೇಳುವ ಪ್ರಶ್ನೆಯನ್ನು ಹಲವರು ಸೇರಿ ಮತ್ತೆ ಕೇಳಿದಾಗ ಅದರ ತೂಕ ಬೇರೆಯಾಗುತ್ತದೆ.

ಎದುರು ಪಕ್ಷದ ಬಳಿಯೂ ಒಂದು ಬಲವಾದ ಆಧಾರವಿದೆ, ಅದನ್ನು ಮುಚ್ಚಿಡುವುದು ನ್ಯಾಯವಲ್ಲ. 1975ರಲ್ಲಿ ಕ್ಲಾರ್ಕ್ ಸಣ್ಣ ಕ್ಲಬ್ಬುಗಳಲ್ಲಿ ಕಛೇರಿ ನಡೆಸಿದಾಗ ಅವರ ಜೊತೆಗಿದ್ದವರು ಇಬ್ಬರೇ. ಡೆನ್ವರಿನ ಎಬೆಟ್ಸ್ ಫೀಲ್ಡ್ ಕ್ಲಬ್ಬಿನಲ್ಲಿ ಆದ ಮುದ್ರಣ 2008ರಲ್ಲಿ 'ಸಿಲ್ವರಾಡೊ 75' ಎಂಬ ಹೆಸರಿನಲ್ಲಿ ಬೆಳಕು ಕಂಡಿತು. 'ಸಿಲ್ವರ್ ರೇವನ್' ಅಲ್ಲಿ ಮೂವರ ಕೈಯಲ್ಲಿ ಯಾವ ಕುಂದೂ ಇಲ್ಲದೆ ನಿಲ್ಲುತ್ತದೆ. ಕ್ಲಾರ್ಕ್ ಸರಳತೆಗೆ ಮರಳಿದ್ದರೆಂದು ಇದನ್ನು ಓದುವವರಿದ್ದಾರೆ. ದೊಡ್ಡ ತಂಡಕ್ಕೆ ದುಡ್ಡಿರಲಿಲ್ಲವೆಂಬುದು ಅದಕ್ಕಿಂತ ಸರಳವಾದ ಕಾರಣ. ಮುಂದಿನ ಆಲ್ಬಂ 1977ರಲ್ಲಿ ಬಂದಾಗ ಅವರು ನಿರ್ಮಾಪಕರನ್ನಾಗಿ ಆರಿಸಿಕೊಂಡದ್ದು ಮತ್ತೆ ಅದೇ ಥಾಮಸ್ ಜೆಫರ್ಸನ್ ಕೇ ಅವರನ್ನು. ತಮ್ಮ ಹಾಡುಗಳನ್ನು ಕೆಡಿಸಿದವರ ಬಳಿಗೆ ಯಾರೂ ಹೀಗೆ ಮರಳುವುದಿಲ್ಲ.

ಉಪನ್ಯಾಸದ ನಂತರ ಕೆಲವರು, ಈ ಆಲ್ಬಮನ್ನು ಮೊದಲ ಸಲ ಕೇಳುವವರು ಎಲ್ಲಿಂದ ಶುರುಮಾಡಬೇಕು ಎಂದು ಕೇಳಿದರು. ಎಲ್‌ಪಿಯ ಎರಡನೆಯ ಬದಿಯಿಂದ ಎಂಬುದು ನನ್ನ ಸಲಹೆ. ಮೊದಲ ಬದಿಯ ಬಾಗಿಲಲ್ಲೇ ನಿಂತಿರುವ 'ಲೈಫ್ಸ್ ಗ್ರೇಟೆಸ್ಟ್ ಫೂಲ್' ಕೇಳುಗರಲ್ಲಿ ಅರ್ಧ ಜನರನ್ನು ಹಿಂದಕ್ಕೆ ಕಳಿಸಿರಬಹುದೆಂದು ನನ್ನ ಅನುಮಾನ. 'ಫ್ರಮ್ ಎ ಸಿಲ್ವರ್ ಫಯಲ್' ಹಾಡಿನಿಂದ ಆರಂಭಿಸಿ, 'ಸಮ್ ಮಿಸ್‌ಅಂಡರ್‌ಸ್ಟ್ಯಾಂಡಿಂಗ್' ಹಾಡನ್ನು ನಡುವೆ ನಿಲ್ಲಿಸದೆ ಕೇಳಿ, ಬದಿ ಮುಗಿದ ಮೇಲೆ 'ಸಿಲ್ವರ್ ರೇವನ್' ಮತ್ತು 'ಸ್ಟ್ರೆಂಗ್ತ್ ಆಫ್ ಸ್ಟ್ರಿಂಗ್ಸ್' ಹಾಡುಗಳಿಗೆ ಬನ್ನಿ. ಬರಿದಾದ ಟೇಕ್‌ಗಳನ್ನು ಆಮೇಲೆ ಕೇಳಿದರೆ ಸಾಕು. ಅವನ್ನೇ ಮೊದಲು ಕೇಳಿದವರು ಪೂರ್ಣರೂಪವನ್ನು ಕೇಳುವಾಗ ಏನು ಸೇರಿಸಿದ್ದಾರೆಂದು ಲೆಕ್ಕ ಹಾಕುತ್ತ ಕೂರುತ್ತಾರೆ, ಹಾಡನ್ನು ಕೇಳುವುದಿಲ್ಲ.